ಮ್ಯಾನಿಂಗ್ ಅವರನ್ನು ಕೈಬಿಟ್ಟ ಊರಿಗೆ ಬರುತ್ತಿರುವ ನಿಮಗೆ

ಕೆಲಸ ಸಿಕ್ಕಿ ಅಮೆರಿಕದ ಇಂಡಿಯಾನಾಪೊಲಿಸ್‌ಗೆ ಹೊರಟಿರುವ ನೀವು ಬಾಡಿಗೆ, ಚಳಿ, ಕಾರು ಎಂದೆಲ್ಲ ವಿಚಾರಿಸಿ, ಕೊನೆಯಲ್ಲಿ ಹೀಗೆ ಕೇಳಿದ್ದೀರಿ: “ಆ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಪೇಟನ್ ಮ್ಯಾನಿಂಗ್ ಅವರಂಥವರನ್ನೇ ವಯಸ್ಸಾಯಿತೆಂದು ಕೈಬಿಟ್ಟು, ಆಮೇಲೆ ಕ್ರೀಡಾಂಗಣದ ಮುಂದೆ ಅವರದೇ ಪ್ರತಿಮೆ ನಿಲ್ಲಿಸಿತಂತೆ. ಅವರಿಗೇ ಹೀಗಾದರೆ ನಮ್ಮಂಥವರಿಗೆ ಅಲ್ಲಿ ಏನು ಭರವಸೆ?” ಈ ಊರಿನಲ್ಲಿ ನೆಲೆಸಿದವನಾಗಿ ನಾನು ಮುಖ್ಯವಾಗಿ ಈ ಪ್ರಶ್ನೆಗೇ ಉತ್ತರಿಸುತ್ತೇನೆ. ಉಳಿದವುಗಳಿಗೆ ಹೆಚ್ಚು ಹೇಳಬೇಕಾದುದಿಲ್ಲ. ಚಳಿಗೆ ಬೇಕಾದ ಕೋಟನ್ನು ಇಲ್ಲಿಯೇ ಕೊಳ್ಳಿ, ಕಾರಿಲ್ಲದೆ ಆಗುವುದಿಲ್ಲ, ಮೊದಲ ವರ್ಷ ಕಚೇರಿಗೆ ಹತ್ತಿರವಿರುವ ಮನೆ ಹಿಡಿಯಿರಿ. ಅಕ್ಕಿ, ಬೇಳೆ, ಹುಣಸೆಹಣ್ಣು ಎಲ್ಲವೂ ಸಿಗುತ್ತವೆ.

ನಾನು ಶಿವಮೊಗ್ಗ ಬಿಟ್ಟು ಇಲ್ಲಿಗೆ ಬಂದದ್ದು 1998ರಲ್ಲಿ. ಟೆನೆಸಿ ವಿಶ್ವವಿದ್ಯಾಲಯದಲ್ಲಿ ಹೆಸರು ಮಾಡಿದ್ದ ಕ್ವಾರ್ಟರ್‌ಬ್ಯಾಕ್ ಮ್ಯಾನಿಂಗ್ ಅವರನ್ನು ಈ ಊರಿನ ಕೋಲ್ಟ್ಸ್ ತಂಡ ಆ ವರ್ಷದ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ, ಮೊಟ್ಟಮೊದಲ ಆಯ್ಕೆಯಾಗಿ ಆರಿಸಿಕೊಂಡಿತ್ತು. ಕ್ವಾರ್ಟರ್‌ಬ್ಯಾಕ್ ಎಂದರೆ ಚೆಂಡು ಎಸೆಯುವವನು ಮಾತ್ರವಲ್ಲ. ಎದುರಾಳಿಗಳು ನಿಂತಿರುವ ರೀತಿಯನ್ನು ಕಣ್ಣಳತೆಯಲ್ಲೇ ಓದಿ, ಆ ಕ್ಷಣದಲ್ಲಿ ಇಡೀ ತಂಡದ ನಡೆಯನ್ನು ಬದಲಿಸಬಲ್ಲವನು ಎಂಬುದನ್ನು ನನಗೆ ಸೋಮವಾರದ ಊಟದ ಬಿಡುವಿನಲ್ಲಿ ಕಾಗದದ ಮೇಲೆ ಗೆರೆ ಎಳೆದು ಕಲಿಸಿದವರು ನನ್ನ ಮೇಲಧಿಕಾರಿಗಳು. ಆ ಮೊದಲ ವರ್ಷ ಮ್ಯಾನಿಂಗ್ ಎಸೆದ ಚೆಂಡುಗಳಲ್ಲಿ 28 ಎದುರಾಳಿಗಳ ಕೈ ಸೇರಿದವು, ತಂಡ 16 ಪಂದ್ಯಗಳಲ್ಲಿ 13ನ್ನು ಸೋತಿತು. ಆದರೂ ಅವರನ್ನು ಬೆಂಚಿನಲ್ಲಿ ಕೂರಿಸಲಿಲ್ಲ. ಮರುವರ್ಷ ಅದೇ ತಂಡ 13 ಪಂದ್ಯಗಳನ್ನು ಗೆದ್ದಿತು. ಹೊಸಬನಿಗೆ ಕಲಿಯಲು ಇಷ್ಟು ಕಾಲಾವಕಾಶ ಕೊಟ್ಟ ಊರು ಇದು ಎಂಬ ಅಭಿಮಾನ ನನಗೆ ಇಂದಿಗೂ ಇದೆ, ನೀವು ಕೈಬಿಟ್ಟದ್ದನ್ನು ಕೇಳುವ ಮೊದಲು ಇದನ್ನೂ ಕೇಳಿರಬೇಕೆಂಬುದು ನನ್ನ ಆಸೆ.

ಈ ತಂಡವು 1984ರಲ್ಲಿ ಬಾಲ್ಟಿಮೋರ್ ಬಿಟ್ಟು ರಾತ್ರೋರಾತ್ರಿ ಲಾರಿಗಳಲ್ಲಿ ಸಾಮಾನು ಹೇರಿಕೊಂಡು ಬಂದದ್ದು. ಅದು ನಿಜವಾಗಿ ಈ ಊರಿನದಾದದ್ದು ಮ್ಯಾನಿಂಗ್ ಕಾಲದಲ್ಲಿ. 2007ರ ಫೆಬ್ರವರಿಯಲ್ಲಿ ಮಯಾಮಿಯ ಮಳೆಯಲ್ಲಿ ಶಿಕಾಗೊ ತಂಡವನ್ನು 29–17ರಿಂದ ಸೋಲಿಸಿ, ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದರು. ಮರುವರ್ಷ ತಂಡದ ಹೊಸ ಲ್ಯೂಕಸ್ ಆಯಿಲ್ ಕ್ರೀಡಾಂಗಣ ತೆರೆಯಿತು. ಇಲ್ಲಿನ ಒಂದು ಮಕ್ಕಳ ಆಸ್ಪತ್ರೆಗೆ ಅವರ ಹೆಸರಿದೆ. 1998ರಿಂದ 2010ರವರೆಗೆ ಲೀಗ್ ಹಂತದ 208 ಪಂದ್ಯಗಳಲ್ಲಿ ಒಂದನ್ನೂ ತಪ್ಪಿಸದೆ ಅವರು ಆಡಿದ್ದರು.

2011ರಲ್ಲಿ ಕುತ್ತಿಗೆಯ ನರಕ್ಕೆ ಪೆಟ್ಟಾಗಿ ಎಸೆಯುವ ತೋಳೇ ಸೊರಗಿತು. ಆ ಬೇಸಿಗೆಯಲ್ಲಷ್ಟೇ ಐದು ವರ್ಷಗಳಿಗೆ 9 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದ್ದ ಅವರು, ಸೆಪ್ಟೆಂಬರಿನಲ್ಲಿ ಕುತ್ತಿಗೆಯ ಮೂಳೆಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಯಾಗಿ ಆ ವರ್ಷ ಒಂದು ಪಂದ್ಯವನ್ನೂ ಆಡಲಿಲ್ಲ. ಅವರಿಲ್ಲದ ತಂಡ 14 ಪಂದ್ಯಗಳನ್ನು ಸೋತಿತು. ಹಾಗೆ ಕೊನೆಯ ಸ್ಥಾನಕ್ಕೆ ಬಿದ್ದದ್ದರಿಂದಲೇ ಮುಂದಿನ ಡ್ರಾಫ್ಟಿನ ಮೊದಲ ಆಯ್ಕೆಯ ಹಕ್ಕು ದಕ್ಕಿತು, ಆಯ್ಕೆಗೆ ಆಂಡ್ರ್ಯೂ ಲಕ್ ಎಂಬ ಅಸಾಧಾರಣ ಯುವ ಕ್ವಾರ್ಟರ್‌ಬ್ಯಾಕ್ ಸಿದ್ಧನಾಗಿದ್ದ. ಮ್ಯಾನಿಂಗ್ ಅವರನ್ನು ಉಳಿಸಿಕೊಳ್ಳುವುದಾದರೆ 2012ರ ಮಾರ್ಚ್ 8ರೊಳಗೆ 2.8 ಕೋಟಿ ಡಾಲರ್ ಕೊಡಬೇಕಿತ್ತು. ತಂಡಗಳು ಸಂಬಳಕ್ಕೆ ಖರ್ಚು ಮಾಡುವ ಮೊತ್ತಕ್ಕೆ ಲೀಗಿನ ಮಿತಿಯಿದೆ. ಆ ವರ್ಷ ಅದು ಸುಮಾರು 12 ಕೋಟಿ. ಇನ್ನೇನು 36 ತುಂಬಲಿದ್ದ, ತೋಳಿನ ಬಲ ಮರಳುವುದೋ ಇಲ್ಲವೋ ಎಂದು ವೈದ್ಯರೂ ಖಚಿತವಾಗಿ ಹೇಳಲಾಗದಿದ್ದ ಆಟಗಾರನಿಗೆ ಅಷ್ಟು ಹಣ ತೆತ್ತು, ಸೋತ ತಂಡವನ್ನು ಹೊಸದಾಗಿ ಕಟ್ಟುವುದು ಸಾಧ್ಯವಿರಲಿಲ್ಲ. ಗಡುವಿನ ಹಿಂದಿನ ದಿನ, ಮಾರ್ಚ್ 7ರಂದು, ಮಾಲೀಕ ಜಿಮ್ ಅರ್ಸೇ ಮತ್ತು ಮ್ಯಾನಿಂಗ್ ಒಟ್ಟಿಗೆ ಪತ್ರಕರ್ತರ ಮುಂದೆ ಬಂದು ಅಗಲಿಕೆಯನ್ನು ತಿಳಿಸಿದರು. ಮಾತನಾಡುವಾಗ ಇಬ್ಬರ ಗಂಟಲೂ ಕಟ್ಟಿತು.

ಅದಾದ ಎರಡೇ ದಿನಕ್ಕೆ, ಮಾರ್ಚ್ 9ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಮ್ಮ ರಾಹುಲ್ ದ್ರಾವಿಡ್ ನಿವೃತ್ತಿ ಘೋಷಿಸಿದರು. ಆ ವಾರ ಎರಡೂ ಊರುಗಳ ದುಃಖ ನನ್ನ ಪಾಲಿಗೆ ಒಟ್ಟಿಗೇ ಬಂತು. ದ್ರಾವಿಡ್ ತಾವೇ ನಿರ್ಧರಿಸಿ ಹೊರಟರು, ಮ್ಯಾನಿಂಗ್ ಇನ್ನೂ ಆಡಬೇಕೆಂದಿದ್ದರು. ಆದರೂ ಅರ್ಸೇ ಮಾಡಿದ್ದು ಸರಿ ಎಂದೇ ನನ್ನ ತೀರ್ಮಾನ. ಸರಿ ಎನ್ನುವುದಕ್ಕೆ ಲೆಕ್ಕಾಚಾರಕ್ಕಿಂತ ದೊಡ್ಡ ಕಾರಣ, ಅವರು ಅದನ್ನು ಮರೆಯಲ್ಲಿ ನಿಂತು ಮಾಡದೆ, ಆ ಮನುಷ್ಯನ ಪಕ್ಕದಲ್ಲಿಯೇ ನಿಂತು, ಊರೆಲ್ಲ ನೋಡುವಂತೆ ಮಾಡಿದರು ಎಂಬುದು.

ಇದನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನನಗೆ ಈ ಆಟವನ್ನು ಕಲಿಸಿದ, ಮೊದಲ ವಾರ ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ತಮ್ಮದೇ ಕಾರಿನಲ್ಲಿ ಕರೆದೊಯ್ದ ಆ ಮೇಲಧಿಕಾರಿಗಳನ್ನು 2009ರ ಆರ್ಥಿಕ ಕುಸಿತದಲ್ಲಿ ಕಂಪನಿ ಮನೆಗೆ ಕಳುಹಿಸಿತು. ನಿವೃತ್ತಿಯೆಂದರೆ ನಮ್ಮಲ್ಲಿ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ; ನನ್ನ ತಂದೆ ಹೈಸ್ಕೂಲಿನಿಂದ ನಿವೃತ್ತರಾದಾಗ ಹಾರ, ಶಾಲು, ಪೇಟ, ಫಲತಾಂಬೂಲ, ಎಲ್ಲರೂ ಸಾಲಾಗಿ ನಿಂತು ತೆಗೆಸಿಕೊಂಡ ಫೋಟೋ ಎಲ್ಲವೂ ಇದ್ದವು. ಇವರಿಗೆ ಏನೂ ಇರಲಿಲ್ಲ. ಬೆಳಿಗ್ಗೆ ಒಂದು ಕೋಣೆಗೆ ಕರೆದರು. ನಾನು ಮೀಟಿಂಗ್ ಮುಗಿಸಿ ಬರುವಷ್ಟರಲ್ಲಿ ಮೇಜು ಖಾಲಿಯಾಗಿತ್ತು, ಇಮೇಲ್ ಮುಚ್ಚಿತ್ತು. ಮುಂದೆ ಅವರು ದಕ್ಷಿಣದ ಯಾವುದೋ ರಾಜ್ಯಕ್ಕೆ ಹೋದರೆಂದು ಕೇಳಿದೆ. ಕೆಲಸ ಹೋಗುವುದು ಇಲ್ಲಿನ ವ್ಯವಸ್ಥೆಯ ಭಾಗವೆಂದು ಒಪ್ಪಿಕೊಂಡಿದ್ದೇನೆ. ಅವರ ಕೈಕುಲುಕಿ ಎರಡು ಮಾತು ಹೇಳುವ ಅವಕಾಶವನ್ನೂ ಕೊಡದೆ ಕಳುಹಿಸಿದ್ದನ್ನು ಒಪ್ಪಿಕೊಳ್ಳಲು ನನ್ನಿಂದ ಇನ್ನೂ ಆಗಿಲ್ಲ.

ಮುಂದಿನದನ್ನೂ ಹೇಳಬೇಕು, ಏಕೆಂದರೆ ನಿಮಗೆ ಅರ್ಧ ಕತೆ ಮಾತ್ರ ಸಿಕ್ಕಿದೆ. ಮ್ಯಾನಿಂಗ್ ಅದೇ ಮಾರ್ಚಿನಲ್ಲಿ ಡೆನ್ವರ್ ಬ್ರಾಂಕೋಸ್ ಸೇರಿದರು. 2013ರಲ್ಲಿ ಅಂಕ ತರುವ ಎಸೆತಗಳನ್ನು, ಅಂದರೆ ಟಚ್‌ಡೌನ್‌ಗಳನ್ನು, 55 ಬಾರಿ ಎಸೆದು ಲೀಗಿನ ದಾಖಲೆ ಬರೆದರು, 2016ರ ಫೆಬ್ರವರಿಯಲ್ಲಿ ಇನ್ನೊಂದು ಸೂಪರ್ ಬೌಲ್ ಗೆದ್ದು ಆಟ ಬಿಟ್ಟರು. 2013ರ ಅಕ್ಟೋಬರಿನಲ್ಲಿ ಎದುರಾಳಿಯಾಗಿ ಇಲ್ಲಿಗೆ ಬಂದಾಗ ಕ್ರೀಡಾಂಗಣವಿಡೀ ಎದ್ದು ನಿಂತು ಗೌರವಿಸಿತು, ಅನಂತರ ಕೋಲ್ಟ್ಸ್ 39–33ರಿಂದ ಗೆದ್ದಿತು. ಪ್ರತಿಮೆ ಬಂದದ್ದು 2017ರಲ್ಲಿ. ಅವರ ಜಾಗಕ್ಕೆ ಬಂದ ಲಕ್, ಮತ್ತೆ ಮತ್ತೆ ಗಾಯಗೊಂಡು ನೊಂದು 2019ರ ಆಗಸ್ಟಿನಲ್ಲಿ, 29ನೆಯ ವಯಸ್ಸಿನಲ್ಲಿ ನಿವೃತ್ತನಾದ. ಸುದ್ದಿ ಹರಡಿದ ಆ ರಾತ್ರಿ ಇದೇ ಊರಿನ ಕೆಲವರು ಅವನನ್ನು ಕೂಗಿ ಅವಮಾನಿಸಿದರು. ಮ್ಯಾನಿಂಗ್ ಅವರನ್ನು ಕಳುಹಿಸಿದ್ದಕ್ಕಲ್ಲ, ಆ ಕೂಗಿಗಾಗಿ ನಾನು ಈ ಊರಿನವನಾಗಿ ನಾಚುತ್ತೇನೆ.

ಇನ್ನು ನಿಮ್ಮ ಭರವಸೆಯ ಮಾತು. ಉದ್ಯೋಗ ಉಳಿಯುತ್ತದೆಂಬ ಭರವಸೆ ಇಲ್ಲಿ ಯಾರಿಗೂ ಇಲ್ಲ. ನಿಮ್ಮ ನೇಮಕಾತಿ ಪತ್ರದಲ್ಲಿಯೇ, ಯಾವ ಕಡೆಯವರು ಯಾವಾಗ ಬೇಕಾದರೂ ಸಂಬಂಧ ಮುಗಿಸಬಹುದೆಂಬ ಸಾಲು ಇರುವ ಸಾಧ್ಯತೆ ಹೆಚ್ಚು. ಮ್ಯಾನಿಂಗ್ ಅವರಿಗೆ ನೆರವಾದದ್ದು ಯಾರ ಕೃತಜ್ಞತೆಯೂ ಅಲ್ಲ, ಒಪ್ಪಂದದಲ್ಲಿದ್ದ ಆ ಮಾರ್ಚ್ 8 ಎಂಬ ದಿನಾಂಕ. ಅದಿಲ್ಲದಿದ್ದರೆ ತಂಡ ಅವರನ್ನು ಇನ್ನೂ ಹಲವು ತಿಂಗಳು ತೂಗುಯ್ಯಾಲೆಯಲ್ಲಿ ಇಡಬಹುದಿತ್ತು. ಅದಿದ್ದುದರಿಂದ ಆಟಗಾರರ ಮಾರುಕಟ್ಟೆ ತೆರೆಯುವ ಮೊದಲೇ ಬಿಡುಗಡೆ ಹೊಂದಿ, ತಮಗೆ ಬೇಕಾದ ತಂಡವನ್ನು ತಾವೇ ಆರಿಸಿಕೊಂಡರು. ಆದ್ದರಿಂದ ಸಹಿ ಹಾಕುವ ಮೊದಲು, ಗ್ರೀನ್ ಕಾರ್ಡ್ ಪ್ರಕ್ರಿಯೆಯನ್ನು ಕಂಪನಿ ಯಾವಾಗ ಆರಂಭಿಸುತ್ತದೆ, ತೆಗೆದುಹಾಕಿದರೆ ಎಷ್ಟು ವಾರಗಳ ಸಂಬಳ ಕೊಡುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಎಚ್-1ಬಿ ವೀಸಾದವರಿಗೆ ಕೆಲಸ ಹೋದ ಮೇಲೆ ಹೆಚ್ಚೆಂದರೆ 60 ದಿನಗಳ ಅವಕಾಶವಿದೆ. ಅಷ್ಟರಲ್ಲಿ ಹೊಸ ಕೆಲಸ ಹುಡುಕಬೇಕು, ಇಲ್ಲವೇ ಬೇರೆ ದಾರಿ ನೋಡಿಕೊಳ್ಳಬೇಕು. ಆರು ತಿಂಗಳ ಖರ್ಚನ್ನು ಕೈಯಲ್ಲಿ ಇಟ್ಟುಕೊಂಡ ಮೇಲೆಯೇ ಊರಿಗೆ ಹಣ ಕಳುಹಿಸಲು ಆರಂಭಿಸಿ; ತಂದೆ-ತಾಯಿಗೆ ಕಾರಣ ಹೇಳಿದರೆ ಅವರು ತಪ್ಪು ತಿಳಿಯುವುದಿಲ್ಲ.