ಬೈಬಲಿನಲ್ಲಿ ಜೀವ, ಭರವಸೆ ಕೊಡುವ ಹೆಣ್ಣು ಅಂದರೆ ಹೆತ್ತ ತಾಯಿ ಮಾತ್ರವೇ?

ಖಂಡಿತ ಅಲ್ಲ. ಹೆರದೆಯೂ ಜೀವ ಉಳಿಸಿದವರು ಅಲ್ಲಿದ್ದಾರೆ. ಚರ್ಚಿನಲ್ಲಿ ಬರೀ ಅಮ್ಮಂದಿರ ಬಗ್ಗೆ ಪ್ರಸಂಗ (ಉಪದೇಶ) ಮಾಡಿ ನಿಲ್ಲಿಸುವುದು ಯಾಕೋ ನನಗೆ ಸರಿ ಕಾಣುವುದಿಲ್ಲ.

ವಿಮೋಚನಕಾಂಡದ ಮೊದಲ ಅಧ್ಯಾಯ ನೋಡಿ. ಶಿಪ್ರಾ, ಪೂಗಾ ಅಂತ ಇಬ್ಬರು ಸೂಲಗಿತ್ತಿಯರು. ಇಬ್ರಿಯರಿಗೆ (ಇಸ್ರಾಯೇಲ್ ಜನರಿಗೆ) ಗಂಡು ಮಗು ಹುಟ್ಟಿದರೆ ಕೊಂದುಬಿಡಿ ಎಂದು ಐಗುಪ್ತದ (ಈಜಿಪ್ಟಿನ) ಅರಸ ಅಪ್ಪಣೆ ಮಾಡಿದ. ಇವರು ಕೊಲ್ಲಲಿಲ್ಲ. ಕರೆಸಿ ಕೇಳಿದಾಗ, ಇಬ್ರಿಯ ಹೆಂಗಸರು ಗಟ್ಟಿಗಿತ್ತಿಯರು, ನಾವು ಹೋಗುವಷ್ಟರಲ್ಲಿ ಹೆರಿಗೆ ಆಗಿಬಿಟ್ಟಿರುತ್ತೆ ಅಂದರು. ಎಂಥ ಧೈರ್ಯ ಅಲ್ವಾ! ಇಬ್ಬರ ಹೆಸರೂ ಅಲ್ಲಿ ಬರೆದಿದೆ. ಅರಸನ ಹೆಸರು ಮಾತ್ರ ಇಲ್ಲ, ಸುಮ್ನೆ ಫರೋಹ ಅನ್ನೋ ಬಿರುದು ಅಷ್ಟೇ.

ಯೊಪ್ಪ ಅನ್ನೋ ಊರಿನ ತಬಿಥಾ ಬಟ್ಟೆ ಹೊಲಿದುಕೊಡುತ್ತಿದ್ದಳು. ಅವಳು ಸತ್ತಾಗ ವಿಧವೆಯರು ಯೇಸುವಿನ ಶಿಷ್ಯ ಪೇತ್ರನ ಮುಂದೆ ಅಳುತ್ತಾ, ಅವಳು ಮಾಡಿಕೊಟ್ಟ ಅಂಗಿಗಳನ್ನು ತೋರಿಸಿದರು. ಪೇತ್ರ ಪ್ರಾರ್ಥಿಸಿದ, ಅವಳು ಎದ್ದು ಕೂತಳು (ಅಪೊಸ್ತಲರ ಕೃತ್ಯಗಳು 9). ಅವಳಿಗೆ ಮಕ್ಕಳಿದ್ದರೋ ಇಲ್ಲವೋ, ಬೈಬಲ್ ಹೇಳುವ ಗೋಜಿಗೇ ಹೋಗಿಲ್ಲ.

ಮಗ್ದಲದ ಮರಿಯಳ ವಿಷಯ ಗೊತ್ತೇ ಇದೆ. ಯೋಹಾನನ ಸುವಾರ್ತೆಯಲ್ಲಿ, ಸತ್ತು ಮತ್ತೆ ಎದ್ದು ಬಂದ ಯೇಸುವನ್ನು ಕಣ್ಣಾರೆ ಕಂಡು ಶಿಷ್ಯರಿಗೆ ಮೊದಲು ಹೇಳಿದ್ದು ಅವಳೇ.