ವಿದೇಶಿ ವಿಶ್ವವಿದ್ಯಾಲಯದ ಆರೋಗ್ಯ ಸಂಶೋಧನೆಗೆ ನಮ್ಮ ಚಿತ್ರದುರ್ಗದ ಹಳ್ಳಿಯವರ ರಕ್ತ ಯಾಕೆ? ಕೊಡಬಹುದಾ?

ಕೊಡಬಹುದು, ಆದರೆ ಕೇಳಿ ಕೊಡಿ.

ಕೆಲವು ಪ್ರಶ್ನೆಗೆ ಉತ್ತರ ಇಲ್ಲೇ ಸಿಗಬೇಕು. ನಮ್ಮ ಜಿಲ್ಲೆಯ ಬೋರ್‌ವೆಲ್ ನೀರನ್ನೇ ನೋಡಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು, ಎಷ್ಟೋ ಕಡೆ ಮೀರಿದೆ. ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಕಲೆ. ಲಂಡನ್ನಿನಲ್ಲಿ ಕೂತು ಇದು ತಿಳಿಯುವುದಿಲ್ಲ, ಅಲ್ವಾ?

ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ ಬರೆದಿಟ್ಟಿದ್ದರು. ಇಂಗ್ಲೆಂಡಿನ ಸೌತಾಂಪ್ಟನ್‌ನ ಸಂಶೋಧಕರು ಇಲ್ಲಿನವರ ಜೊತೆ ಸೇರಿ, ಆ ಮಕ್ಕಳು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗ ತೂಕ ಕಡಿಮೆ ಇದ್ದವರಲ್ಲಿ ಹೃದ್ರೋಗ ಜಾಸ್ತಿ ಕಂಡಿತು. ಸುಮ್ನೆ ಧೂಳು ತಿನ್ನುತ್ತಿದ್ದ ರಿಜಿಸ್ಟರು!

ಇನ್ನು ನಿಯಮ. ಸಂಶೋಧನೆಯಿಂದ ಜನರಿಗೆ ಅನ್ಯಾಯವಾಗದಂತೆ ನೋಡುವ ನೈತಿಕ ಸಮಿತಿ ಇಲ್ಲಿ ಒಪ್ಪಬೇಕು. ವಿದೇಶಿ ಪಾಲುದಾರರಿದ್ದರೆ ಸಾಮಾನ್ಯವಾಗಿ ಕೇಂದ್ರ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಅನುಮತಿಯೂ ಬೇಕು. ಒಪ್ಪಿಗೆ ಪತ್ರ ಕನ್ನಡದಲ್ಲೇ ಕೇಳಿ. ಅಜ್ಜಿಗೆ ಓದಲು ಬಾರದಿದ್ದರೆ, ಸಾಕ್ಷಿಯ ಮುಂದೆ ಓದಿ ಹೇಳಿ ಆಮೇಲೆ ಹೆಬ್ಬೆಟ್ಟು. ‘ಡಾಕ್ಟ್ರು ಹೇಳಿದ್ರು’ ಅಂತ ಒತ್ತುವುದಲ್ಲ. ನಡುವೆ ಬೇಡ ಅನ್ನಿಸಿದರೆ ಬಿಡಬಹುದು, ಚಿಕಿತ್ಸೆ ನಿಲ್ಲಿಸುವಂತಿಲ್ಲ.

ರಕ್ತ ಎಲ್ಲಿಗೆ ಹೋಗುತ್ತದೆ, ನಮ್ಮ ರಿಪೋರ್ಟ್ ನಮಗೆ ಕೊಡುತ್ತೀರಾ ಅಂತಲೂ ಕೇಳಿ. ಈ ಎರಡನ್ನು ಯಾರೂ ಕೇಳುವುದೇ ಇಲ್ಲ.