ಕುತ್ತಿಗೆ, ಭುಜ ಸದಾ ಬಿಗಿ. ಎಣ್ಣೆ ಮಾಲೀಶು ಎರಡೇ ದಿನಕ್ಕೆ. ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಥಾಣೆಯಲ್ಲಿ ಮನೆ, 34 ವರ್ಷ, ದಿನಕ್ಕೆ ಒಂಬತ್ತು ಗಂಟೆ ಲ್ಯಾಪ್‌ಟಾಪ್, ಎರಡು ವರ್ಷದಿಂದ ಕುತ್ತಿಗೆಯಿಂದ ಹೆಗಲವರೆಗೆ ಹಗ್ಗ ಬಿಗಿದ ಹಾಗೆ. ಎಣ್ಣೆ ಹಾಕಿ ತಿಕ್ಕಿಸಿಕೊಂಡರೆ ಎರಡು ದಿನ ಆರಾಮ, ಮೂರನೇ ದಿನ ಮತ್ತೆ ಅದೇ. ಎಕ್ಸ್‌ರೇಯಲ್ಲಿ ‘ಸ್ವಲ್ಪ ಸವೆತ’ ಅಂತ ಬಂದು ಹೆದರಿಕೆ ಬೇರೆ. ಮಸಾಜ್ ಗನ್, ಅಂದರೆ ಅದುರುತ್ತ ಮೈ ಒತ್ತುವ ಆ ಯಂತ್ರ, ತಗೊಳ್ಳಲಾ ಅಂತಲೂ ಕೇಳಿದ್ದೀರಿ. ಥಾಣೆ ಬದಲು ಡೊಂಬಿವಲಿ ಅಂತ ಹಾಕಿ, ವಯಸ್ಸಿಗೆ ಒಂದು ಹತ್ತು ಸೇರಿಸಿದರೆ ಇದು ನನ್ನದೇ ಕಥೆ.

ನಾನು ಡಾಕ್ಟರ್ ಅಲ್ಲ. ಮುಂಬೈನ ಫೋರ್ಟ್ ಪ್ರದೇಶದಲ್ಲಿ ಒಂದು ಆಫೀಸಿನ ಲೆಕ್ಕ ನೋಡುವವನು. ಊರು ಹುಬ್ಬಳ್ಳಿ ಕಡೆ, ಮುಂಬೈಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಹೇಳುವುದೆಲ್ಲ ನನ್ನ ಮೈಮೇಲೆ ಆಗಿಹೋದದ್ದು, ಜೊತೆಗೆ ನನ್ನನ್ನು ನೋಡಿದ ಫಿಸಿಯೋಥೆರಪಿಸ್ಟ್ ಕಲಿಸಿದ್ದು.

ಮೊದಲು ಒಂದು ವಿಷಯ ತಲೆಯಿಂದ ತೆಗೆದುಹಾಕಬೇಕು. ‘ಬಿಗಿಯಾಗಿದೆ, ಅಂದರೆ ಎಳೆಯಬೇಕು, ತಿಕ್ಕಬೇಕು’ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ನಾನೂ ಆರು ವರ್ಷ ಹಾಗೇ ಅಂದುಕೊಂಡಿದ್ದೆ. ಆ ಫಿಸಿಯೋ ಮೇಡಂ ನನ್ನ ಹೆಗಲಿಗೆ ಬೆರಳು ಒತ್ತಿ ನೋಡಿ ಹೇಳಿದ್ದು ಬೇರೆ: ಈ ಸ್ನಾಯು ಗಿಡ್ಡ ಆಗಿಲ್ಲ, ದಣಿದಿದೆ. ಇದಕ್ಕೆ ಇರುವ ಬಲ ಕಡಿಮೆ, ಹೊತ್ತಿರುವ ಕೆಲಸ ಜಾಸ್ತಿ. ಬಿಡುವೇ ಇಲ್ಲದ ಕೂಲಿಯವನ ಹಾಗೆ ಸೆಟೆದುಕೊಂಡು ನಿಂತಿದೆ. ಅವನ ಬೆನ್ನು ಸವರಿದರೆ ಸ್ವಲ್ಪ ಹೊತ್ತು ಹಿತ. ಆದರೆ ಮೂಟೆ ಇಳಿಸಬೇಕು, ಇಲ್ಲ ಅವನಿಗೆ ಹೊರುವ ಶಕ್ತಿ ಬರಬೇಕು. ಮಾಲೀಶು ಎರಡೇ ದಿನ ನಿಲ್ಲುವುದು ಇದಕ್ಕೇ.

ಆ ಸ್ನಾಯುವಿನ ಹೆಸರು ಟ್ರಪೀಜಿಯಸ್. ತಲೆಬುರುಡೆಯ ಹಿಂಬದಿಯಿಂದ ಹೊರಟು, ಎರಡೂ ಹೆಗಲಿಗೆ ಹರಡಿ, ಬೆನ್ನಿನ ನಡುವಿನ ತನಕ ಇಳಿಯುತ್ತದೆ. ಎಡ ಬಲ ಎರಡೂ ಸೇರಿದರೆ ಗಾಳಿಪಟದ ಆಕಾರ. ಅದರ ಅಡಿಯಲ್ಲಿ ಲಿವೇಟರ್ ಸ್ಕ್ಯಾಪುಲೆ ಅಂತ ಇನ್ನೊಂದಿದೆ. ಕುತ್ತಿಗೆಯ ಮೇಲಿನ ನಾಲ್ಕು ಮೂಳೆ ಮಣಿಗಳಿಂದ ಬೆನ್ನ ಹಿಂದಿನ ರೆಕ್ಕೆ ಮೂಳೆಯ ಮೇಲ್ತುದಿಗೆ ಬರುತ್ತದೆ. ‘ಇಲ್ಲೇ, ಇಲ್ಲೇ ಗಂಟು’ ಅಂತ ನಾವು ಹೆಂಡತಿಗೋ ಮಗನಿಗೋ ತೋರಿಸುತ್ತೇವಲ್ಲ, ಹೆಚ್ಚಾಗಿ ಅದೇ ತುದಿ.

ಈಗ ಮೂಟೆಯ ವಿಷಯ. ತಲೆಯೇ ಸುಮಾರು 5 ಕೆಜಿ. ನೆಟ್ಟಗಿದ್ದರೆ ಅದರ ಭಾರ ಮೂಳೆಯ ಮೇಲೆ ಕೂರುತ್ತದೆ. ಮುಂದೆ ಬಗ್ಗಿಸಿದಷ್ಟೂ ಹಿಂದಿನ ಸ್ನಾಯು ಅದನ್ನು ಎಳೆದು ಹಿಡಿಯಬೇಕು. 2014ರಲ್ಲಿ ಅಮೆರಿಕದ ಒಬ್ಬ ಸರ್ಜನ್ ಲೆಕ್ಕ ಹಾಕಿದಂತೆ, ತಲೆ 60 ಡಿಗ್ರಿ ಬಗ್ಗಿದಾಗ ಕುತ್ತಿಗೆಯ ಮೇಲೆ ಬೀಳುವ ಹೊರೆ ಹತ್ತಿರ ಹತ್ತಿರ 27 ಕೆಜಿ. ಅದು ಕಂಪ್ಯೂಟರ್ ಮಾದರಿಯ ಲೆಕ್ಕ, ಗ್ರಾಂ ಗ್ರಾಂ ನಂಬಬೇಕಿಲ್ಲ. ಆದರೆ ಲೋಕಲ್ ರೈಲಿನಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೊ ನೋಡುವವರ ತಲೆ ಎಷ್ಟು ಬಗ್ಗಿರುತ್ತದೆ ಅಂತ ನಾಳೆ ಒಮ್ಮೆ ಗಮನಿಸಿ.

ನನ್ನ ಬ್ಯಾಗಿನ ಕಥೆ ಹೇಳಲೇಬೇಕು. ‘ಬ್ಯಾಗ್ ಎಷ್ಟು ಕೆಜಿ?’ ಅಂತ ಮೇಡಂ ಕೇಳಿದರು. ‘ಏನಿಲ್ಲ, ಎರಡು ಮೂರು ಇರಬಹುದು’ ಅಂದೆ. ಅವತ್ತು ಸಂಜೆ ಸ್ಟೇಷನ್ ಹೊರಗೆ ತರಕಾರಿಯವನ ತಕ್ಕಡಿ ಮೇಲೆ ಇಟ್ಟರೆ ಆರೂವರೆ! ಅವನಿಗೂ ನಗು. ಮನೆಗೆ ಬಂದು ಕೆಳಗೆ ಸುರಿದೆ. ಲ್ಯಾಪ್‌ಟಾಪು, ಚಾರ್ಜರು, ಎರಡು ಡಬ್ಬಿಯ ಟಿಫಿನ್, ಲೀಟರ್ ನೀರಿನ ಬಾಟಲಿ, ಛತ್ರಿ, ಹಿಂದಿನ ವರ್ಷದ ಎರಡು ಫೈಲು, ಒಂದು ಬೀಗ. ಯಾವುದರ ಬೀಗ ಅಂತ ಇವತ್ತಿಗೂ ಗೊತ್ತಾಗಿಲ್ಲ. ಇದೆಲ್ಲ ಒಂದೇ ಪಟ್ಟಿಯ ಬ್ಯಾಗಿನಲ್ಲಿ, ಯಾವಾಗಲೂ ಎಡ ಹೆಗಲಿಗೆ. ಪಟ್ಟಿ ಜಾರಬಾರದು ಅಂತ ಆ ಹೆಗಲನ್ನು ನಾನು ಎತ್ತಿ ಹಿಡಿದೇ ನಡೆಯುತ್ತಿದ್ದೆ. ಕನ್ನಡಿ ಮುಂದೆ ಬ್ಯಾಗಿಲ್ಲದೆ ನಿಂತರೂ ಎಡ ಹೆಗಲು ಮೇಲೆ!

ಅದೇ ಹೆಗಲಿಗೆ ಇನ್ನೊಂದು ಕೆಲಸವೂ ಇತ್ತು. ಆಫೀಸಿನ ಗಿರಾಕಿಗಳ ಫೋನ್ ಬಂದರೆ ಅದನ್ನು ಕಿವಿ ಮತ್ತು ಹೆಗಲ ನಡುವೆ ಸಿಕ್ಕಿಸಿ, ಎರಡೂ ಕೈಯಲ್ಲಿ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಎಂಟ್ರಿ ಹೊಡೆಯುವುದು. ವರ್ಷಗಟ್ಟಲೆ. ಇಯರ್‌ಫೋನ್ ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತದೆ. ನಾನು ಅದಕ್ಕಿಂತ ಜಾಸ್ತಿ ದುಡ್ಡು ಮುಲಾಮಿಗೇ ಹಾಕಿದ್ದೆ.

ಲೋಕಲ್‌ನಲ್ಲಿ ಫೋರ್ತ್ ಸೀಟ್ ನಿಮಗೆ ಗೊತ್ತೇ ಇದೆ. ಮೂವರ ಬೆಂಚಿನ ತುದಿಯಲ್ಲಿ ಅರ್ಧ ಕೂತು, ಸೊಂಟ ಒಂದು ಕಡೆ, ಕುತ್ತಿಗೆ ಒಂದು ಕಡೆ. ಡೊಂಬಿವಲಿಯಿಂದ ಫೋರ್ಟ್ ಹತ್ತಿರದ ಸಿಎಸ್‌ಎಂಟಿ ಸ್ಟೇಷನ್ನಿಗೆ ಫಾಸ್ಟ್ ಲೋಕಲ್ ಹಿಡಿದರೂ ಗಂಟೆಯ ಮೇಲೆ. ಸೀಟು ಸಿಕ್ಕಿತಲ್ಲ ಅಂತ ಖುಷಿ, ಆದರೆ ಹಾಗೆ ತಿರುಚಿಕೊಂಡು ಕೂರುವುದಕ್ಕಿಂತ ನಿಲ್ಲುವುದೇ ವಾಸಿ ಅಂತ ಈಗ ನನ್ನ ತೀರ್ಮಾನ. ನಿಂತಾಗ ಮೇಲಿನ ಹಿಡಿಯನ್ನು ಒಂದೇ ಕೈಯಲ್ಲಿ ಹಿಡಿಯಬೇಡಿ, ದಾರಿಯಲ್ಲಿ ಕುರ್ಲಾ ಸ್ಟೇಷನ್ ಬಂದಾಗ ಕೈ ಬದಲಿಸಿ. ಬ್ಯಾಗ್ ಎರಡು ಪಟ್ಟಿಯದಿರಲಿ, ಜಾಗ ಸಿಕ್ಕರೆ ಮೇಲಿನ ರ‍್ಯಾಕಿಗೆ ಹೋಗಲಿ.

ಮೇಜಿನ ಮುಂದೆ ಮಾಡಬೇಕಾದದ್ದು ಕಡಿಮೆ. ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟು ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ತನ್ನಿ, ಕೀಬೋರ್ಡ್, ಮೌಸ್ ಬೇರೆ ಹಾಕಿ. ಮೊಣಕೈಗೆ ಆಧಾರ ಇರಲಿ. ಕೈ ಗಾಳಿಯಲ್ಲಿ ತೂಗುತ್ತಿದ್ದರೆ ಅದರ ಭಾರವೂ ಕುತ್ತಿಗೆಗೇ. ದುಬಾರಿ ಕುರ್ಚಿ ಬೇಡ. ಎಂಥ ಒಳ್ಳೆ ಭಂಗಿಯಲ್ಲಿ ಕೂತರೂ ಮೂರು ಗಂಟೆ ಅಲ್ಲಾಡದಿದ್ದರೆ ಅದೂ ಕೆಟ್ಟದ್ದೇ. ಅರ್ಧ ಗಂಟೆಗೊಮ್ಮೆ ಎದ್ದು ಒಂದು ನಿಮಿಷ ಓಡಾಡಿ. ನಾನು ಸಣ್ಣ ಲೋಟದಲ್ಲಿ ನೀರು ಕುಡಿಯುತ್ತೇನೆ, ಪದೇ ಪದೇ ಏಳಲೇಬೇಕಾಗುತ್ತದೆ.

ಇನ್ನು ಬಲ. ನನಗೆ ನಿಜವಾಗಿ ಉಪಯೋಗ ಆದದ್ದು ಇದು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವ್ಯಾಯಾಮದ ರಬ್ಬರ್ ಪಟ್ಟಿ ಸಿಗುತ್ತದೆ, ರೆಸಿಸ್ಟೆನ್ಸ್ ಬ್ಯಾಂಡ್ ಅನ್ನುತ್ತಾರೆ. ಅದರ ನಡುಭಾಗವನ್ನು ಪಾದದ ಕೆಳಗೆ ತುಳಿದು, ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಮೊಣಕೈ ಸ್ವಲ್ಪವೇ ಬಗ್ಗಿಸಿ, ಕೈಗಳನ್ನು ಪಕ್ಕಕ್ಕೆ ಹೆಗಲಿನ ಮಟ್ಟದವರೆಗೆ ಎತ್ತುವುದು. ಪೂರ್ತಿ ಪಕ್ಕಕ್ಕಲ್ಲ, ತುಸು ಮುಂದಕ್ಕೆ. ನಿಧಾನ ಎತ್ತಿ, ಇನ್ನೂ ನಿಧಾನ ಇಳಿಸಿ. ಡೆನ್ಮಾರ್ಕ್‌ನಲ್ಲಿ ಕುತ್ತಿಗೆ, ಭುಜ ನೋವಿದ್ದ 198 ಮಂದಿಯ ಮೇಲೆ ಇದನ್ನೇ ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟಿಸಿದರು. ಕೆಲವರಿಗೆ ದಿನಕ್ಕೆ 12 ನಿಮಿಷ, ಕೆಲವರಿಗೆ ಬರೀ 2 ನಿಮಿಷ. ವಾರಕ್ಕೆ ಐದು ದಿನ, ಹತ್ತು ವಾರ. ಎರಡೂ ಗುಂಪಿನಲ್ಲಿ ನೋವು ಇಳಿಯಿತು. ಎರಡು ನಿಮಿಷ ಅಂದರೆ ಗ್ಯಾಸ್ ಮೇಲೆ ಚಹಾ ಕುದಿ ಬರುವಷ್ಟು ಹೊತ್ತು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಅದನ್ನೇ ಮಾಡುತ್ತೇನೆ. ಮಗ ‘ಅಪ್ಪ ಹಾರೋಕೆ ರೆಡಿ’ ಅಂತ ಹಂಗಿಸುತ್ತಾನೆ.

ಇದರ ಜೊತೆ ಇನ್ನೆರಡು. ಪಟ್ಟಿಯನ್ನು ಕಿಟಕಿಯ ಗ್ರಿಲ್ಲಿಗೆ ಸುತ್ತಿ, ಮೊಣಕೈ ಹಿಂದಕ್ಕೆ ಎಳೆದು, ಎರಡೂ ರೆಕ್ಕೆ ಮೂಳೆಗಳನ್ನು ಹತ್ತಿರ ತರುವುದು, ಹತ್ತು ಹನ್ನೆರಡು ಸಲ. ಆಮೇಲೆ ಗೋಡೆಗೆ ಬೆನ್ನು ಕೊಟ್ಟು ನಿಂತು, ಗಲ್ಲವನ್ನು ಕೆಳಗೆ ಬಗ್ಗಿಸದೆ ನೇರ ಹಿಂದಕ್ಕೆ ಸರಿಸಿ ಐದು ಸೆಕೆಂಡ್ ಹಿಡಿಯುವುದು. ಎರಡು ಗಲ್ಲ ಬಂದ ಹಾಗೆ ಕಾಣುತ್ತದೆ, ಕಾಣಲಿ ಬಿಡಿ.

ಮೊದಲ ಹತ್ತು ದಿನ ಸ್ವಲ್ಪ ಮೈನೋವು ಬಂತು. ಮೂರನೇ ವಾರ ‘ಏನೂ ಪ್ರಯೋಜನ ಇಲ್ಲ’ ಅಂತ ಬಿಟ್ಟೂ ಬಿಟ್ಟೆ. ಮೇಡಂ ಬೈದರು. ಐದಾರನೇ ವಾರ ಒಂದು ದಿನ ರೈಲು ಭಾಯಖಳಾ ಸ್ಟೇಷನ್ ದಾಟಿದ ಮೇಲೆ ನೆನಪಾಯಿತು, ಇವತ್ತು ಹೆಗಲು ಮುಟ್ಟಿಕೊಂಡೇ ಇಲ್ಲವಲ್ಲ ಅಂತ. ನಿಮಗೂ ಅಷ್ಟು ದಿನ ಬೇಕಾಗಬಹುದು.

ಹಾಗಂತ ಎಳೆಯುವುದು, ಶಾಖ ಕೊಡುವುದು ಬೇಡ ಅಂತಲ್ಲ. ಜಾಸ್ತಿ ಹಿಡಿದುಕೊಂಡ ದಿನ ಅದೇ ಆಸರೆ. ಕಲ್ಲುಪ್ಪು ಬಾಣಲೆಯಲ್ಲಿ ಬಿಸಿ ಮಾಡಿ ಬಟ್ಟೆಯಲ್ಲಿ ಗಂಟು ಕಟ್ಟಿ ನಮ್ಮವ್ವ ಕೊಡುತ್ತಿದ್ದ ಶಾಖಕ್ಕೂ ಬಿಸಿನೀರಿನ ಚೀಲಕ್ಕೂ ನನಗೆ ವ್ಯತ್ಯಾಸ ಕಂಡಿಲ್ಲ. ಹದಿನೈದು ಇಪ್ಪತ್ತು ನಿಮಿಷ ಸಾಕು, ಚರ್ಮ ಸುಡದಿರಲಿ. ಶಾಖದ ಮೇಲೆ ಸ್ನಾಯು ಎಳೆಯಿರಿ. ಕುರ್ಚಿಯ ಅಂಚನ್ನು ಎಡಗೈಯಲ್ಲಿ ಹಿಡಿದು, ಮೂಗನ್ನು ಬಲ ಕಂಕುಳಿನ ಕಡೆ ಇಳಿಸಿ, 20–30 ಸೆಕೆಂಡ್. ಆಮೇಲೆ ಇನ್ನೊಂದು ಕಡೆ. ಜಗ್ಗಬೇಡಿ. ಎದೆಯ ಮುಂದಿನ ಸ್ನಾಯುವನ್ನು ನಾವು ಮರೆತೇಬಿಡುತ್ತೇವೆ. ಬಾಗಿಲ ಚೌಕಟ್ಟಿಗೆ ಎರಡೂ ಮುಂಗೈ ಇಟ್ಟು ಒಂದು ಹೆಜ್ಜೆ ಮುಂದೆ ಹೋದರೆ ಅದು ತೆರೆದುಕೊಳ್ಳುತ್ತದೆ.

ಯೋಗ ಮಾಡಲಾ ಅಂತ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಮಾಡಿ. ಕೋಲಾರ ಕಡೆಯ ಬೆಳ್ಳೂರಿನಲ್ಲಿ ಹುಟ್ಟಿ 1937ರಲ್ಲಿ ಪುಣೆಗೆ ಬಂದು ನೆಲೆಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯಲ್ಲಿ ಬೆಲ್ಟು, ಕುರ್ಚಿ, ಗೋಡೆಯ ಹಗ್ಗ ಎಲ್ಲ ಬಳಸುತ್ತಾರೆ. ನಮ್ಮಂಥ ಬಗ್ಗದ ಮೈಗೆ ಅದು ಹೊಂದುತ್ತದೆ. ಗೋಮುಖಾಸನದಲ್ಲಿ ಬೆನ್ನ ಹಿಂದೆ ಕೈ ಕೈ ಮುಟ್ಟದಿದ್ದರೆ ನಡುವೆ ಒಂದು ಪಂಚೆ ಹಿಡಿಯಿರಿ. ಆದರೆ ನೋವು ಇರುವಾಗ ಶೀರ್ಷಾಸನ, ಸರ್ವಾಂಗಾಸನ ಮುಟ್ಟಬೇಡಿ. ವಿಡಿಯೊ ನೋಡಿಕೊಂಡಂತೂ ಬೇಡವೇ ಬೇಡ.

ಸಲೂನಿನಲ್ಲಿ ಕಟಕ್ ಅಂತ ಕುತ್ತಿಗೆ ತಿರುಗಿಸುತ್ತಾರಲ್ಲ, ಅದನ್ನು ಇವತ್ತಿಗೇ ನಿಲ್ಲಿಸಿ. ಚಂಪಿ, ಅಂದರೆ ತಲೆ ಮಾಲೀಶು, ಮುಗಿದ ಮೇಲೆ ಆ ಕಟಕ್ ಇಲ್ಲದೆ ನನಗೆ ಸಮಾಧಾನವೇ ಆಗುತ್ತಿರಲಿಲ್ಲ. ಒಮ್ಮೆ ಹಾಗೆ ತಿರುಗಿಸಿಕೊಂಡು ಬಂದು ಮೂರು ದಿನ ಕತ್ತು ಹೊರಳಲಿಲ್ಲ. ಬರೀ ಅಷ್ಟರಲ್ಲೇ ಮುಗಿದದ್ದು ನನ್ನ ಪುಣ್ಯ. ಮಿದುಳಿಗೆ ರಕ್ತ ಒಯ್ಯುವ ರಕ್ತನಾಳ ಕುತ್ತಿಗೆಯ ಮಣಿಗಳ ಒಳಗಿಂದಲೇ ಹೋಗುತ್ತದೆ. ಜೋರಾಗಿ ತಿರುಚಿದಾಗ ಅದರ ಒಳಪದರ ಹರಿದು ಪಾರ್ಶ್ವವಾಯು ಆಗುವ ಅಪಾಯ ಇದೆ. ಅಪರೂಪ, ಆದರೆ ಇದೆ. ತಲೆಗೆ ಎಣ್ಣೆ ತಿಕ್ಕಿಸಿಕೊಳ್ಳಿ, ಕುತ್ತಿಗೆಗೆ ಕೈ ಹಾಕಿದರೆ ಬೇಡ ಅನ್ನಿ.

ಎಕ್ಸ್‌ರೇ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಯಾವ ನೋವೂ ಇಲ್ಲದವರ ಕುತ್ತಿಗೆಯಲ್ಲೂ ವಯಸ್ಸಾದಂತೆ ಸವೆತ ಕಾಣುತ್ತದೆ, ಕೂದಲು ನೆರೆತ ಹಾಗೆ. ಅದನ್ನು ನೋಡಿ ತಿಂಗಳುಗಟ್ಟಲೆ ಕುತ್ತಿಗೆಗೆ ಆಧಾರದ ಪಟ್ಟಿ, ಅಂದರೆ ಕಾಲರ್, ಹಾಕಿಕೊಂಡವರು ನನಗೆ ಗೊತ್ತು. ಕಾಲರ್ ಜಾಸ್ತಿ ದಿನ ಹಾಕಿದರೆ ಇರುವ ಬಲವೂ ಹೋಗುತ್ತದೆ. ಆದರೆ ಕೆಲವು ಲಕ್ಷಣಕ್ಕೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಕೈಗೆ ಜೋಮು ಹಿಡಿಯುವುದು, ಹಿಡಿತ ಸಡಿಲವಾಗಿ ಲೋಟ ಜಾರುವುದು, ಅಂಗಿಯ ಗುಂಡಿ ಹಾಕಲು ಕಷ್ಟ, ನಡಿಗೆ ತೂರಾಡುವುದು, ಜ್ವರದ ಜೊತೆ ಕುತ್ತಿಗೆ ಸೆಟೆದುಕೊಳ್ಳುವುದು, ಬಿದ್ದ ಮೇಲೆ ಬಂದ ನೋವು. ಎದೆ ಹಿಡಿದು, ಬೆವರಿ, ನೋವು ಎಡ ಭುಜಕ್ಕೋ ದವಡೆಗೋ ಬಂದರೆ ಮುಲಾಮು ಹುಡುಕುತ್ತ ಕೂರದೆ ನೇರ ಆಸ್ಪತ್ರೆಗೆ. ಸಕ್ಕರೆ ಕಾಯಿಲೆ ಇದ್ದು ಕೈ ಮೇಲೆತ್ತಲೇ ಆಗದಿದ್ದರೆ ಅದು ಫ್ರೋಜನ್ ಶೋಲ್ಡರ್, ಅಂದರೆ ಹೆಗಲ ಕೀಲೇ ಬಿಗಿದುಕೊಳ್ಳುವುದು, ಇರಬಹುದು, ಅದರ ದಾರಿ ಬೇರೆ. ನೋವಿನ ಮಾತ್ರೆಯನ್ನು ಕೇಳದೆ ವಾರಗಟ್ಟಲೆ ನುಂಗಬೇಡಿ, ಹೊಟ್ಟೆಗೂ ಕಿಡ್ನಿಗೂ ಒಳ್ಳೆಯದಲ್ಲ.

ದಿಂಬು ಒಂದೇ ಸಾಕು. ಮಗ್ಗುಲಾಗಿ ಮಲಗಿದಾಗ ಕಿವಿಗೂ ಹೆಗಲಿಗೂ ನಡುವಿನ ಜಾಗ ತುಂಬುವಷ್ಟು ಎತ್ತರ. ಬೋರಲು ಮಲಗುವ ಅಭ್ಯಾಸ ಇದ್ದರೆ ಬಿಡಿ, ರಾತ್ರಿಯೆಲ್ಲ ಕುತ್ತಿಗೆ ಒಂದೇ ಕಡೆ ತಿರುಗಿರುತ್ತದೆ.

ಒಂದು ಸಣ್ಣ ಕೆಲಸ ಕೊಡುತ್ತೇನೆ. ಎರಡು ತಿಂಗಳು ಕ್ಯಾಲೆಂಡರಿನಲ್ಲಿ ಬಿಗಿ ಜಾಸ್ತಿ ಇದ್ದ ದಿನಕ್ಕೆ ಒಂದು ಗೀಟು ಹಾಕಿ. ನನ್ನ ಗೀಟುಗಳು ಎಲ್ಲಿ ಬಿದ್ದವು ಗೊತ್ತಾ? ಪ್ರತಿ ತಿಂಗಳು 11ರ ಸುತ್ತ, 20ರ ಸುತ್ತ. ಜಿಎಸ್‌ಟಿ ರಿಟರ್ನ್ ತುಂಬುವ ಕೊನೆಯ ದಿನಗಳು! ಚಿಂತೆ ಹತ್ತಿದರೆ ನಾನು ಉಸಿರು ಮೇಲೆ ಮೇಲೆ ಎಳೆದು ಹೆಗಲು ಕಿವಿಗೆ ಏರಿಸಿ ಕೂರುತ್ತೇನೆ, ನನಗೇ ತಿಳಿಯದ ಹಾಗೆ. ಈಗ ಆ ದಿನಗಳಲ್ಲಿ ಪರದೆಯ ಮೂಲೆಗೆ ‘ಹೆಗಲು’ ಅಂತ ಚೀಟಿ ಅಂಟಿಸುತ್ತೇನೆ. ಕಂಡಾಗಲೆಲ್ಲ ಉಸಿರು ಬಿಟ್ಟು ಹೆಗಲು ಇಳಿಸುವುದು. ಪಕ್ಕದ ಮೇಜಿನ ಮರಾಠಿ ಹುಡುಗ ಅದು ಯಾವ ದೇವರ ಹೆಸರು ಅಂತ ಕೇಳಿದ್ದ.

ಕೊನೆಗೆ ಮಸಾಜ್ ಗನ್. ಸಂಬಂಧಿಕರೊಬ್ಬರದ್ದು ತಂದು ಹದಿನೈದು ದಿನ ನೋಡಿದೆ. ಹಿತವಾಗಿರುತ್ತದೆ, ಬೆನ್ನಿನ ಮಾಂಸದ ಭಾಗಕ್ಕೆ ಒಂದೆರಡು ನಿಮಿಷ ಹಿಡಿಯಬಹುದು. ಕುತ್ತಿಗೆಯ ಮುಂಭಾಗ, ಪಕ್ಕ, ಮಣಿಗಳ ಮೇಲೆ ಬೇಡ. ದುಡ್ಡು ಕೊಟ್ಟು ತಗೊಳ್ಳುವುದಾದರೆ ಮೊದಲು ರಬ್ಬರ್ ಪಟ್ಟಿ ತಗೊಳ್ಳಿ. ಬಣ್ಣ ನೋಡಿ ಕೊಳ್ಳಬೇಡಿ, ಕಂಪನಿಯಿಂದ ಕಂಪನಿಗೆ ಹಳದಿ, ಕೆಂಪಿನ ಅರ್ಥ ಬದಲಾಗುತ್ತದೆ. ಅಂಗಡಿಯಲ್ಲೇ ಕಾಲಿಗೆ ಹಾಕಿ ಎತ್ತಿ ನೋಡಿ. ಹತ್ತು ಹದಿನೈದು ಸಲ ಎತ್ತುವಾಗ ಕೊನೆಯ ಎರಡು ಮೂರು ಕಷ್ಟ ಆಗಬೇಕು, ಅಂಥದ್ದು ನಿಮ್ಮ ಪಟ್ಟಿ.